ದೇವರ ಮುಂದಿಟ್ಟ ಪತ್ರಿಕೆ

ಮದುವೆಯ ಕರೆ ಬಂದರೆ ಇಲ್ಲ ಅನ್ನಬಾರದು. ನಮ್ಮ ಅಜ್ಜಿ ಮುನಿತಾಯಮ್ಮನ ಮಟ್ಟಿಗೆ ಇದು ವಾದಕ್ಕೆ ಜಾಗವಿಲ್ಲದ ವಿಷಯ. ಹೋಗಲು ಆಗುತ್ತದೋ ಇಲ್ಲವೋ ಅದು ಆಮೇಲಿನ ಮಾತು. ಕರೆಯಲು ಬಂದವರ ಎದುರಿಗೆ "ನೋಡೋಣ", "ಆದ್ರೆ ಬರ್ತೀವಿ" ಎಂದೆಲ್ಲ ರಾಗ ಎಳೆಯುವಂತಿಲ್ಲ. "ಹೂಂ, ಬರ್ತೀವಿ" ಎಂದು ಎರಡೂ ಕೈಯಲ್ಲಿ ಪತ್ರಿಕೆ ಇಸಿದುಕೊಳ್ಳಬೇಕು. ಇಸಿದುಕೊಂಡದ್ದನ್ನು ಕೂಡಲೇ ಬಿಚ್ಚಿ ಓದುವಂತೆಯೂ ಇಲ್ಲ. ಮೂಲೆಗೆ ಅರಿಶಿನ ಮುಟ್ಟಿಸಿ ದೇವರ ಗೂಡಿನಲ್ಲಿಡಬೇಕು. ಒಂದು ರಾತ್ರಿ ದೇವರು ನೋಡಿದ ಮೇಲೆ ಮನೆಯವರ ಸರದಿ.

ಶ್ರಾವಣದ ಆ ಶುಕ್ರವಾರ ನಾನು ಜ್ಞಾನಭಾರತಿಯಿಂದ ಚಂದ್ರಾ ಲೇಔಟಿನ ಮನೆಗೆ ಬರುವಷ್ಟರಲ್ಲಿ ದೀಪ ಹಚ್ಚಿ ಆಗಿತ್ತು. ಗೂಡಿನಲ್ಲಿ, ಮುನೇಶ್ವರನ ಪಟಕ್ಕೂ ಲಕ್ಷ್ಮಿಯ ಪಟಕ್ಕೂ ನಡುವೆ, ಅಜ್ಜಿಯ ಫೋನು ಬೋರಲಾಗಿ ಮಲಗಿತ್ತು. ಅದರ ಬೆನ್ನಿಗೆ ಕುಂಕುಮ, ನೆತ್ತಿಗೊಂದು ಸೇವಂತಿಗೆ.

"ಇದೇನಜ್ಜಿ, ಶ್ರಾವಣದಲ್ಲೇ ಆಯುಧಪೂಜೆ ಮುಗಿಸ್ಬಿಟ್ಯಾ?"

"ಬಾಯ್ ಮುಚ್ಚು. ವೆಂಕಟೇಶ ಪತ್ರಿಕೆ ಕಳಿಸವ್ನೆ."

ನಾನು ಚಪ್ಪಲಿ ಬಿಡುತ್ತಿದ್ದವಳು ಹಾಗೇ ನಿಂತೆ. ವೆಂಕಟೇಶ್ ಅಂದರೆ ಅಜ್ಜಿಯ ಒಬ್ಬನೇ ತಮ್ಮ, ಹೇರೋಹಳ್ಳಿಯವರು. ನಮ್ಮ ಮನೆಯಿಂದ ಅಲ್ಲಿಗೆ ಬಸ್ಸು ಹತ್ತಿದರೆ ಕಡಲೆಕಾಯಿ ಪೊಟ್ಟಣ ಖಾಲಿಯಾಗುವಷ್ಟರಲ್ಲಿ ತಲುಪಬಹುದು. ಆದರೆ ನನಗೆ ಬುದ್ಧಿ ತಿಳಿದ ಮೇಲೆ ಆ ಮನೆಯಿಂದ ಯಾರೂ ಇಲ್ಲಿಗೆ ಬಂದಿರಲಿಲ್ಲ, ಇಲ್ಲಿಂದ ಯಾರೂ ಅಲ್ಲಿಗೆ ಹೋಗಿರಲಿಲ್ಲ.

"ನಿಂಗೆ ಕಳಿಸಿದಾರಾ? ಎಲ್ಲಿ, ಏನಂತ ಇದೆ?"

"ಎಲ್ಲಿ ಓದ್ದೆ? ಅವನ ಹೆಸರು ಬಂತು, ಕೆಳಗೆ ಮದುವೆ ಆಮಂತ್ರಣ ಅಂತ ಹೂವಿನ ಗೊಂಚಲು. ಇಸ್ಕೊಳ್ಳೋದು ಅಂದ್ರೆ ಒತ್ತೋದು ತಾನೆ, ಒತ್ತಿದೆ. ಅದಕ್ಕೆ ಒಪ್ತೀರಾ, ಇದಕ್ಕೆ ಒಪ್ತೀರಾ ಅಂತ ಒಂದೇ ಸಮ ಕೇಳ್ತು. ಶುಭಕಾರ್ಯ, ಬೇಡ ಅಂತ ಒತ್ತಕ್ಕಾಗತ್ತಾ? ಎಲ್ಲಕ್ಕೂ ಹೂಂ ಅಂದೆ. ಆಮೇಲೆ ಸುತ್ತುತ್ತಾನೇ ಇತ್ತು. ಇರ್ಲಿ ಬಿಡು, ಮೊದ್ಲು ದೇವರು ನೋಡ್ಲಿ ಅಂತ ಇಟ್ಟೆ."

ನಾನು ಗೂಡಿನತ್ತ ಕೈ ಚಾಚಿದೆ. ಅಜ್ಜಿ ಮೊಣಕೈ ಮೇಲೆ ಪಟ್ಟನೆ ಹೊಡೆದಳು.

"ಬಸ್ಸಿನ ಕಂಬಿ ಹಿಡ್ಕೊಂಡು ಬಂದ ಕೈ! ಬೆಳಗ್ಗೆ ಸ್ನಾನ ಮಾಡಿ ನಾನೇ ತೆಗೆದು ಕೊಡ್ತೀನಿ, ನೀನೇ ಜೋರಾಗಿ ಓದುವಂತೆ."

ಅವಳ ಮುಖ ನೋಡಿದರೆ ಇನ್ನೊಂದು ಪ್ರಶ್ನೆ ಕೇಳುವ ಮನಸ್ಸು ಯಾರಿಗೂ ಬರುತ್ತಿರಲಿಲ್ಲ. ಅವಳು ಹೇಳುತ್ತಿದ್ದ ಕತೆಗಳಲ್ಲಿ ಕೆರೆ ಆಚೆಗೆ, ಗುಡ್ಡದ ಆಚೆಗೆ ಮದುವೆಯಾಗಿ ಹೋದ ಹುಡುಗಿಯರು ಬಾಗಿಲಲ್ಲಿ ಕೂತು ತವರಿನ ಗಾಡಿಯ ಗೆಜ್ಜೆಗೆ ಕಿವಿ ಕೊಡುತ್ತಿದ್ದರು. ಎಷ್ಟು ಬರಗಾಲವಾಗಲಿ, ಎಂಥ ರಾಕ್ಷಸ ಅಡ್ಡ ಬರಲಿ, ಕೊನೆಗೆ ಗಾಡಿ ಬಂದೇ ಬರುತ್ತಿತ್ತು. ಅಜ್ಜಿಯ ಬದುಕಿನಲ್ಲಿ ಮಾತ್ರ ಗಾಡಿ ನಿಂತುಹೋದದ್ದು ಅವಳಿಂದಲೇ ಎಂದು ಅವಳೇ ಹೇಳಿಕೊಳ್ಳುತ್ತಿದ್ದಳು. ಹೇರೋಹಳ್ಳಿಯ ರಾಗಿ ಹೊಲಗಳೆಲ್ಲ ಸೈಟುಗಳಾಗುವ ಕಾಲಕ್ಕೆ ತಾತ ಅವಳ ಕೈಯಲ್ಲಿ ಭಾಗದ ಕೇಸು ಹಾಕಿಸಿದರು. ಹೆಣ್ಣುಮಕ್ಕಳಿಗೂ ಹಕ್ಕಿದೆ, ಕೇಳುವುದರಲ್ಲಿ ತಪ್ಪೇನು ಎಂದರು. ತಪ್ಪಿರಲಿಲ್ಲ. ಕೋರ್ಟು ಒಂದು ಮೂಲೆ ಜಾಗ ಕೊಡಿಸಿತು. ಅದನ್ನು ಮಾರಿ ನಮ್ಮ ಮನೆಯ ಮೇಲಂತಸ್ತು ಎದ್ದಿತು. ಅಂದಿನಿಂದ ಗೌರಿ ಹಬ್ಬಕ್ಕೆ ಬಾಗಿನ ನಿಂತಿತು, ಹಿರಿಯರ ಹಬ್ಬಕ್ಕೆ ಕರೆ ನಿಂತಿತು. ಕೋರ್ಟಿನ ವರಾಂಡದಲ್ಲಿ ತಮ್ಮ "ಅಕ್ಕ, ಕಾಫಿ ಕುಡಿತೀಯಾ" ಎಂದು ಕೇಳಿದ್ದನಂತೆ. ತಾತ ಪಕ್ಕದಲ್ಲೇ ನಿಂತಿದ್ದರಿಂದ ಅವಳು ಗೋಡೆ ನೋಡಿದಳಂತೆ. ತಾತ ಹೋದರು. ಅವರ ತಿಥಿಗೂ ಹೇರೋಹಳ್ಳಿಯವರು ಬರಲಿಲ್ಲ.

ಅಪ್ಪ ರಾಜಾಜಿನಗರದ ಆಫೀಸಿನಿಂದ ಬಂದು ಊಟಕ್ಕೆ ಕೂತಾಗ ಅಜ್ಜಿ ಇಡೀ ಸುದ್ದಿಯನ್ನು ಮತ್ತೆ ಮೊದಲಿನಿಂದ ಹೇಳಿದಳು. ಅಮ್ಮ ಸಾರು ಬಡಿಸುತ್ತ ಅಂದಳು:

"ಅಲ್ಲಾ ಅತ್ತೆ, ಹೆಣ್ಣುಮಗಳನ್ನ ಫೋನಲ್ಲಿ ಕರೀತಾರಾ? ಎಲೆ ಅಡಿಕೆ ಹಿಡ್ಕೊಂಡು ಬಾಗಿಲಿಗೆ ಬರಬೇಕು ಅಂತ ನೀವೇ ಹೇಳೋದು."

"ಈಗ ಎಲ್ರೂ ಮೊದ್ಲು ಫೋನಿಗೆ ಹಾಕ್ತಾರೆ, ಆಮೇಲೆ ಬರ್ತಾರೆ. ನಾಳೆನೋ ನಾಡಿದ್ದೋ ಬರ್ತಾನೆ ನೋಡು. ಚೈತ್ರ, ಬೆಳಗ್ಗೆ ಒಳ್ಳೇ ವೀಳ್ಯದೆಲೆ ತರಬೇಕು, ಬಾಡಿರೋದು ತಂದ್ರೆ ಕೊಲ್ತೀನಿ."

"ಯಾರ ಮದುವೆ ಅಂತೆ?" ಅಪ್ಪ ಕೇಳಿದ.

"ಇನ್ಯಾರದು, ಅವನ ಮಗಳು ಧನ್ಯಶ್ರೀದು! ಅವನ ಮನೇಲಿ ಮದುವೆಗೆ ಉಳಿದಿರೋಳು ಅವಳೊಬ್ಬಳೇ ಅಲ್ವಾ. ಸೋದರತ್ತೆ ಇಲ್ದೆ ಹೆಂಗೆ ಮಾಡ್ತಾನೆ ಹೇಳು? ಅದಕ್ಕೇ ಕೋಪ ಬಿಟ್ಟವ್ನೆ."

ಅಪ್ಪ ಕಲಸುತ್ತಿದ್ದ ಅನ್ನದಲ್ಲಿ ಕೈ ನಿಲ್ಲಿಸಿದ. ಒಂದು ಸಲ ಗೂಡಿನ ಕಡೆ, ಒಂದು ಸಲ ಅಜ್ಜಿಯ ಕಡೆ ನೋಡಿದ.

"ಅಮ್ಮ, ಆ ಫೋನ್ ಒಂದ್ಸಲ ಕೊಡು ನೋಡೋಣ."

"ಎಂಜಲು ಕೈಯಲ್ಲಿ ದೇವರ ಮುಂದಿರೋದನ್ನ ಕೇಳ್ತೀಯಲ್ಲೋ, ಬುದ್ಧಿ ಇದೆಯಾ? ಬೆಳಗ್ಗೆ."

ಅಪ್ಪ ಏನೋ ಹೇಳಲು ಬಾಯಿ ತೆರೆದ. ಆಗಲೇ ಅಜ್ಜಿ, ಹಸಿರು ಸೀರೆ ಉಡಲೋ ಮಾವಿನಕಾಯಿ ಅಂಚಿನದು ಉಡಲೋ ಎಂದು ಅಮ್ಮನನ್ನು ಕೇಳುತ್ತಿದ್ದಳು. ಅಪ್ಪ ಬಾಯಿ ಮುಚ್ಚಿದ. "ಸ್ವಲ್ಪ ಮಜ್ಜಿಗೆ ಹಾಕು" ಎಂದ, ಅಷ್ಟೇ.

ಗೂಡಿನಲ್ಲಿ ಫೋನು ಗುರ್ರ್ ಗುರ್ರ್ ಎನ್ನುತ್ತಿತ್ತು. ಹಿತ್ತಾಳೆಯ ಆರತಿ ತಟ್ಟೆಗೆ ತಾಗಿ ಸಣ್ಣಗೆ ನಾದ ಬರುತ್ತಿತ್ತು. "ನೆಂಟರಿಗೆಲ್ಲ ಗೊತ್ತಾಯ್ತು ಅಂತ ಕಾಣತ್ತೆ," ಎಂದು ಅಜ್ಜಿ ನಕ್ಕಳು. "ಮುನಿತಾಯಮ್ಮನ್ನೂ ಕರೆದ್ರಾ ಅಂತ ಕೇಳ್ತಾ ಇರ್ತಾರೆ, ಕೇಳ್ಲಿ."

ಬೆಳಗ್ಗೆ ಅಂಗಳಕ್ಕೆ ಹಾಕಿದ ನೀರು ಇನ್ನೂ ಒಣಗಿರಲಿಲ್ಲ, ಪಕ್ಕದ ಮನೆಯ ಅಣ್ಣಮ್ಮ ಆಂಟಿ ಗೇಟಿನಿಂದಲೇ ದನಿ ತೆಗೆದರು.

"ಏನ್ ಮುನಿತಾಯಮ್ಮೋರೆ, ದೊಡ್ಡೋರಾಗ್ಬಿಟ್ರಾ? ಒಂದು ಗೋಡೆ ಆಚೆ ಇದೀನಿ, ಮೊಮ್ಮಗಳ ಮದುವೆಗೆ ನನ್ನ ಫೋನಲ್ಲಿ ಕರೀತೀರಾ?"

ಅಜ್ಜಿ ಕಸಬರಿಕೆ ಹಿಡಿದೇ ತಿರುಗಿದಳು. "ಯಾರ ಮದುವೆ?"

"ನಾಟಕ ನೋಡು! ಚೈತ್ರಂದು ಕಣ್ರೀ. ಸಂಜೆನೇ ಬಂತಲ್ಲ ಪತ್ರಿಕೆ, ನಿಮ್ಮ ಫೋನಿಂದ. ಭಜನೆಯವರಿಗೆಲ್ಲ ಬಂದಿದೆ. ಗುರವ್ವ ಫೋನ್ ಮಾಡಿ ಗಂಡು ಯಾವೂರು ಅಂತ ನನ್ನ ಕೇಳ್ತಾರೆ. ಪಕ್ಕದ ಮನೆಯವಳಿಗೇ ಗೊತ್ತಿಲ್ಲ ಅನ್ನೋಕೆ ನಾಚಿಕೆ ಆಗಿ, ಮೈಸೂರು ಕಡೆ ಹುಡುಗ ಅಂದ್ಬಿಟ್ಟೆ."

"ನಂಗೂ ಹೇಳಿ ಆಂಟಿ, ಹುಡುಗ ಹೇಗಿದಾನೆ?" ಎಂದೆ ನಾನು ಬಾಯಲ್ಲಿ ಬ್ರಷ್ ಇಟ್ಟುಕೊಂಡೇ.

ಅಪ್ಪ ಬನಿಯನ್ನಿನಲ್ಲೇ ಹೊರಗೆ ಬಂದ. ಅವನ ಮುಖದಲ್ಲಿ ನಗು ಇರಲಿಲ್ಲ.

"ಅಣ್ಣಮ್ಮೋರೆ, ಅದನ್ನ ಒತ್ತಿದ್ರಾ?"

"ಒತ್ತದೆ ಇರ್ತೀನಾ? ಗಂಡಿನ ಫೋಟೋ ನೋಡ್ಬೇಡ್ವಾ? ಆದ್ರೆ ಫೋಟೋನೂ ಇಲ್ಲ, ಏನೂ ಇಲ್ಲ. ಬೆಳಗ್ಗೆಯಿಂದ ಫೋನೇ ಹುಚ್ಚುಹುಚ್ಚಾಗಿ ಆಡ್ತಿದೆ. ಬ್ಯಾಂಕಿಂದ ಟಣಟಣ ಅಂತ ಮೆಸೇಜು ಬರತ್ತೆ, ತೆಗೆಯೋಷ್ಟರಲ್ಲಿ ಮಾಯ."

ಅಪ್ಪ ಸ್ನಾನ ಮಾಡದ ಕೈಯಲ್ಲೇ ಗೂಡಿಗೆ ಕೈ ಹಾಕಿ ಫೋನು ತೆಗೆದ. ಅಜ್ಜಿ "ಲೋ!" ಎಂದು ಕೂಗಿದ್ದು ಅವನಿಗೆ ಕೇಳಿಸಲಿಲ್ಲ. ನಾನು ಮುಟ್ಟಿ ನೋಡಿದೆ. ಫೋನು ಜ್ವರ ಬಂದ ಮಗುವಿನ ಹಣೆಯ ಹಾಗೆ ಸುಡುತ್ತಿತ್ತು.

ಆಮೇಲಿನ ಹೊತ್ತೆಲ್ಲ ಓಡಾಟ. ಫೋನ್ ಆಫ್ ಮಾಡಿದ್ದು, ಬ್ಯಾಂಕಿಗೆ ಹೇಳಿ ಖಾತೆ ನಿಲ್ಲಿಸಿದ್ದು, ಸೈಬರ್ ವಂಚನೆಯ ಸಹಾಯವಾಣಿ ೧೯೩೦ಕ್ಕೆ ದೂರು ಕೊಟ್ಟದ್ದು. ಮೇಲಿನ ಮನೆಯ ಬಾಡಿಗೆ ಅಜ್ಜಿಯ ಹೆಸರಿಗೇ ಬರಲಿ ಎಂದು ಅಪ್ಪನೇ ಅವಳ ಫೋನಿನಲ್ಲಿ ಬ್ಯಾಂಕಿನ ಆ್ಯಪ್ ಹಾಕಿಕೊಟ್ಟಿದ್ದ. ಅದರಲ್ಲಿ ಏನೂ ಉಳಿದಿರಲಿಲ್ಲ. ಅಣ್ಣಮ್ಮ ಆಂಟಿಯದು ಅರ್ಧ ಹೋಗಿ ಅರ್ಧ ಉಳಿದಿತ್ತು. ಗಂಡಿನ ಫೋಟೋ ನೋಡುವ ಆತುರ ಅಷ್ಟಿಲ್ಲದ ಗುರವ್ವನದು ಪೂರ್ತಿ ಉಳಿದಿತ್ತು.

ಸ್ಟೇಷನ್ನಿನಲ್ಲಿ ದೂರು ಬರೆದುಕೊಂಡ ಮಹಿಳಾ ಸಿಬ್ಬಂದಿಗೆ ಇದು ಆ ವಾರದ ಎಷ್ಟನೆಯದೋ ಮದುವೆ.

"ಇದು ಪತ್ರಿಕೆ ಅಲ್ಲ ಸಾರ್, ಆ್ಯಪು. ಫೋಟೋ ಆಗಿದ್ರೆ, ಪಿಡಿಎಫ್ ಆಗಿದ್ರೆ ಸುಮ್ನೆ ತೆರ್ಕೊಳ್ಳತ್ತೆ. ಇದರ ಹೆಸರಿನ ಬಾಲದಲ್ಲಿ ಎಪಿಕೆ ಅಂತ ಇರತ್ತೆ. ಒತ್ತಿದ ತಕ್ಷಣ ನಿಮ್ಮ ಮೆಸೇಜ್ ಓದ್ಲಾ, ನಿಮ್ಮ ನಂಬರ್‌ಗಳು ನೋಡ್ಲಾ ಅಂತ ಕೇಳತ್ತೆ. ಮದುವೆ ಮನೆಯವರಿಗೆ ನಿಮ್ಮ ಮೆಸೇಜ್ ಕಟ್ಕೊಂಡು ಏನ್ರೀ ಆಗಬೇಕು? ಅಲ್ಲೇ ಗೊತ್ತಾಗಬೇಕು." ಅವರು ತಲೆ ಎತ್ತಿದರು. "ಕಳಿಸಿದವರಿಗೂ ಗೊತ್ತಿರಲ್ಲ, ಅವರ ಫೋನೂ ಹೀಗೇ ಸಿಕ್ಕಿಹಾಕ್ಕೊಂಡಿರತ್ತೆ. ಅವರಿಗೇ ಒಂದು ಫೋನ್ ಮಾಡಿ ಕೇಳಿದ್ರೆ ಮುಗೀತಿತ್ತು. ಸಂಜೆನೇ ಆಫ್ ಮಾಡಿದ್ರೆ ಇಷ್ಟು ಜನಕ್ಕೆ ಹೋಗ್ತಾನೂ ಇರಲಿಲ್ಲ. ಮನೇಲಿ ಯಾರಿಗೂ ಅನುಮಾನ ಬರಲಿಲ್ವಾ?"

ಅಪ್ಪ ದೂರಿನ ಪ್ರತಿ ಮಡಚಿ ಜೇಬಿಗೆ ಹಾಕಿಕೊಂಡು ಎದ್ದ.

ಹಿಂದಿರುಗುವಾಗ ಅವನು ಮನೆಯ ದಾರಿ ಹಿಡಿಯದೆ ಒಂದು ದರ್ಶಿನಿಯ ಮುಂದೆ ಗಾಡಿ ನಿಲ್ಲಿಸಿದ. ಎರಡು ಕಾಫಿ ತಂದು, ತನ್ನದನ್ನು ಕುಡಿಯದೆ ನಿಂತ.

"ಚೈತ್ರ, ನನಗೆ ನಿನ್ನೆನೇ ಅನುಮಾನ ಬಂದಿತ್ತು ಕಣೇ."

"ಮತ್ತೆ ಯಾಕಪ್ಪ ಸುಮ್ನಿದ್ದೆ?"

"ಧನ್ಯಶ್ರೀ ಮದುವೆ ಆಗೋಗಿದೆ. ವೈಶಾಖದಲ್ಲೇ. ನಮ್ಮ ಆಫೀಸಿನ ಮಹದೇವ್ ಹೋಗಿದ್ದ, ಬಂದು ಹೋಳಿಗೆ ಚೆನ್ನಾಗಿತ್ತು ಅಂದ. ನಾನು ಅಮ್ಮಂಗೆ ಹೇಳಿರಲಿಲ್ಲ. ಹೇಗೆ ಹೇಳೋದು? ತವರಿನ ಮದುವೆ ಆಯ್ತು, ನಿನ್ನ ಕರೀಲಿಲ್ಲ ಅಂತನಾ? ನೆಂಟರೂ ಯಾರೂ ಹೇಳಲಿಲ್ಲ, ಎಲ್ರೂ ನನ್ನ ಹಾಗೇ ಅಂದ್ಕೊಂಡಿರ್ತಾರೆ." ಕಾಫಿಯ ಮೇಲೆ ಕೆನೆ ಕಟ್ಟುತ್ತಿತ್ತು. "ನಿನ್ನೆ ಊಟಕ್ಕೆ ಕೂತಾಗ ಗೊತ್ತಾಯ್ತು, ಇದು ಸುಳ್ಳು ಪತ್ರಿಕೆ ಅಂತ. ಆ ಒಂದು ಮಾತು ಹೇಳಿದ್ರೆ ಅಮ್ಮ ತಾನೇ ಎದ್ದು ಫೋನ್ ತಂದು ಕೊಡ್ತಿದ್ಲು. ಆದ್ರೆ ಅವಳು ಯಾವ ಸೀರೆ ಅಂತ ಕೇಳ್ತಿದ್ಲಲ್ಲ... ಒಂದು ರಾತ್ರಿ ಖುಷಿಯಾಗಿ ಮಲಗಲಿ, ಬೆಳಗ್ಗೆ ನೋಡೋಣ ಅಂದ್ಕೊಂಡೆ. ಬೇರೆ ಯಾರದೋ ಮದುವೆ ಇರಬಹುದು ಅಂತ ನನಗೆ ನಾನೇ ಹೇಳ್ಕೊಂಡೆ."

ಅಜ್ಜಿಯ ಮುಖ ನೋಡಿ ನಾನೂ ಕೈ ಹಿಂದೆಗೆದವಳೇ. ಆ ಮುಖದ ಬೆಳಕಿಗೆ ಮನೆಯವರೆಲ್ಲ ಸೇರಿ ಕಾವಲು ಕೂತಿದ್ದೆವು, ಅದರ ಮರೆಯಲ್ಲೇ ಕಳ್ಳ ತನ್ನ ಕೆಲಸ ಮುಗಿಸಿದ್ದ.

"ಮದುವೆ ಆಗಿರೋ ವಿಷ್ಯ ಈಗ ಹೇಳ್ಬೇಡ," ಎಂದ ಅಪ್ಪ. "ಇಷ್ಟೇ ಸಾಕಾಗಿದೆ ಅವಳಿಗೆ."

ಮನೆಯಲ್ಲಿ ಅಪ್ಪ ಎಲ್ಲವನ್ನೂ ನಿಧಾನವಾಗಿ ಬಿಡಿಸಿ ಹೇಳಿದ. ಅಜ್ಜಿ ಹೊಸಿಲ ಪಕ್ಕ ಕಾಲು ನೀಡಿ ಕೂತು ಕೇಳಿದಳು. ದುಡ್ಡಿನ ಮಾತಿಗೆ ಅವಳು ತಲೆ ಆಡಿಸಿದಳಷ್ಟೆ. ಎಲ್ಲ ಮುಗಿದ ಮೇಲೆ ಕೇಳಿದಳು:

"ಹಂಗಾದ್ರೆ ವೆಂಕಟೇಶ ಕರ್ದಿಲ್ಲ?"

"ಇಲ್ಲಮ್ಮ."

"ಅವನ ಫೋನಿಂದ ಬಂತು, ಅವನು ಕಳಿಸಿಲ್ಲ."

"ಹೂಂ. ಅದರಲ್ಲಿ ಯಾರ್ಯಾರ ನಂಬರ್ ಇದೆಯೋ ಅವರಿಗೆಲ್ಲ ತಾನೇ ಹೋಗ್ಬಿಡತ್ತೆ."

ಅಜ್ಜಿ ಬಹಳ ಹೊತ್ತು ಸೆರಗಿನ ನೂಲು ಎಳೆಯುತ್ತ ಕೂತಳು. ಆಮೇಲೆ ನನ್ನ ಕಡೆ ತಿರುಗಿದಳು.

"ಅಂದ್ರೆ ನನ್ನ ನಂಬರು ಅವನ ಫೋನಲ್ಲಿ ಇತ್ತು. ಇಷ್ಟು ವರ್ಷ ಅಳಿಸಿರಲಿಲ್ಲ. ಅಲ್ವೇನೇ?"

"ಹೂಂ ಅಜ್ಜಿ."

"ಏನಂತ ಹಾಕ್ಕೊಂಡಿರ್ತಾನೆ? ಅಕ್ಕ ಅಂತಾನೋ, ಬರೀ ಮುನಿತಾಯಮ್ಮ ಅಂತಾನೋ?"

ಈ ಪ್ರಶ್ನೆಗೆ ಅಪ್ಪ ಎದ್ದು ಒಳಗೆ ಹೋದ.

ಭಾನುವಾರ ಅಜ್ಜಿ ಒಗೆದ ಸೀರೆಯುಟ್ಟು ಬೀದಿಗಿಳಿದಳು. ಗುಂಪಿಗೆ ಒಂದು ಮೆಸೇಜ್ ಹಾಕಿದರೆ ಸಾಕು ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. "ಫೋನು ಕರೆದಿದ್ದನ್ನ ಫೋನೇ ಬೇಡ ಅಂದ್ರೆ ಯಾರು ನಂಬ್ತಾರೆ?" ಎಂದಳು. ನಾನು ಜೊತೆಗೆ ಹೋದೆ. ಮದುವೆಗೆ ಕರೆಯಲು ಹೋಗುವವರ ಹಾಗೆಯೇ ಒಂದೊಂದು ಗೇಟು, ಒಂದೊಂದು ಮೆಟ್ಟಿಲು. ಎಲ್ಲ ಕಡೆಯೂ ಮೊದಲು ನನ್ನನ್ನು ಮೇಲಿಂದ ಕೆಳಗೆ ನೋಡಿ "ಏನಮ್ಮ ಮದುಮಗಳೇ" ಎನ್ನುವರು. ಅಜ್ಜಿ ಬಾಗಿಲಲ್ಲೇ ನಿಂತು, "ಮದುವೆ ಇಲ್ಲಮ್ಮ. ಪತ್ರಿಕೆ ಮೋಸದ್ದು. ಒತ್ತಬೇಡಿ, ಒತ್ತಿದ್ರೆ ಬ್ಯಾಂಕಿಗೆ ಹೇಳಿ. ನನ್ನ ಕಡೆಯಿಂದ ಬಂತು, ತಪ್ಪಾಯ್ತು," ಎಂದು ಕೈ ಮುಗಿಯುವಳು. ಅಣ್ಣಮ್ಮ ಆಂಟಿಯ ಮನೆಯಲ್ಲಿ ಮುಗಿದ ಕೈಯನ್ನು ಅವಳು ಬೇಗ ಇಳಿಸಲಿಲ್ಲ.

"ನಿಮ್ಮ ಜಾಗದಲ್ಲಿ ನಾನಿದ್ರೂ ಒತ್ತುತಿದ್ದೆ ಬಿಡಿ," ಎಂದರು ಆಂಟಿ. ದನಿಯಲ್ಲಿ ಎಂದಿನ ಸಲುಗೆ ಇರಲಿಲ್ಲ. "ಒತ್ತಿದೆನಲ್ಲ."

ಹಿಂದೆ ಬರುವಾಗ ಅಜ್ಜಿ ತನ್ನಷ್ಟಕ್ಕೇ ಮಾತಾಡಿಕೊಂಡಳು. ಹಿಂದೊಮ್ಮೆ ಊರೆಲ್ಲ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದ ಕಾಲವಿತ್ತಲ್ಲ, ಹೊತ್ತಲ್ಲದ ಹೊತ್ತಿನಲ್ಲಿ ಒಂದು ದೆವ್ವ ಬಂದು ಮನೆಯವರದೇ ದನಿಯಲ್ಲಿ ಕರೆಯುತ್ತದೆ, ಓಗೊಟ್ಟರೆ ಮುಗಿಯಿತು ಎಂದು. "ನಿಂಗೆ ಎಷ್ಟು ಸಲ ಹೇಳಿದೀನಿ ಆ ಕತೆ. ಅಪರಿಚಿತ ದನಿಗೆ ಯಾರು ಹೆದರ್ತಾರೆ? ಗುರುತಿನ ದನಿಗೇ ಕಣೇ ಬಾಗಿಲು ತೆಗೆಯೋದು. ಗೊತ್ತಿದ್ದೂ ತೆಗೆದೆ."

ಅಪ್ಪ ಅವಳಿಗೆ ಒಂದೇ ಒಂದು ಬುದ್ಧಿ ಹೇಳಿದ್ದ. ಆ ನಂಬರಿನಿಂದ ಏನು ಬಂದರೂ ಮುಟ್ಟಬೇಡ. ಫೋನ್ ಬಂದರೂ ಎತ್ತಬೇಡ, ನಾವು ವಿಚಾರಿಸುತ್ತೇವೆ. ಅದು ಒಳ್ಳೆಯ ಬುದ್ಧಿಯೇ. ಆದರೆ ಅದರ ಒಳಗೆ ಇನ್ನೊಂದು ಕಾರಣವಿತ್ತು, ತಮ್ಮನ ಬಾಯಿಂದ ಮದುವೆಯ ಸುದ್ದಿ ಅವಳಿಗೆ ತಿಳಿಯದಿರಲಿ ಎಂಬುದು. ಆ ಕಾರಣ ನನಗೂ ಅಪ್ಪನಿಗೂ ಮಾತ್ರ ಗೊತ್ತಿತ್ತು.

ಸೋಮವಾರ ಸಂಜೆ ಫೋನನ್ನು ಪೂರ್ತಿ ಅಳಿಸಿ ಹೊಸದರಂತೆ ಮಾಡಿಸಿ ತಂದೆವು. ಯಾರ ಹೆಸರೂ ಅದರಲ್ಲಿ ಉಳಿದಿರಲಿಲ್ಲ. ಅಜ್ಜಿ ಅಲಸಂದೆಕಾಳು ಬಿಡಿಸುತ್ತಿದ್ದಳು, ನಾನು ಎದುರಿಗೆ ಕೂತು ಸಿಪ್ಪೆ ಎತ್ತುತ್ತಿದ್ದೆ. ಫೋನು ಹೊಡೆದುಕೊಂಡಿತು. ಪರದೆಯ ಮೇಲೆ ಬರೀ ಅಂಕಿಗಳು.

ಅಜ್ಜಿ ಅಂಕಿಗಳನ್ನು ನೋಡಿದವಳೇ ಮೊರ ಕೆಳಗಿಟ್ಟಳು.

"ವೆಂಕಟೇಶಂದು."

"ಹೆಸರೇ ಇಲ್ವಲ್ಲಜ್ಜಿ, ಹೆಂಗೆ ಗೊತ್ತಾಯ್ತು?"

"ನಂಗೆ ಗೊತ್ತು."

ಒಂದು ಸಲವೂ ಮಾಡದ ನಂಬರನ್ನು ಅವಳು ಬಾಯಿಪಾಠ ಮಾಡಿಕೊಂಡಿದ್ದಳು. ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಅವಳ ಕೈ ಎರಡು ಸಲ ಹತ್ತಿರ ಹೋಗಿ ಹಿಂದೆ ಬಂತು. ಆಮೇಲೆ, ಬಿಸಿ ಪಾತ್ರೆ ಮುಟ್ಟುವ ಹಾಗೆ ಬೆರಳ ತುದಿಯಿಂದ ಕೆಂಪು ಗುಂಡಿ ಒತ್ತಿಬಿಟ್ಟಳು. ಮತ್ತೆ ಬಂತು. ಮತ್ತೆ ಒತ್ತಿದಳು. ಮೂರನೆಯ ಸಲ ಬರಲಿಲ್ಲ.

"ನಿಮ್ಮಪ್ಪ ಮಂಜ ಹೇಳಿದಂಗೆ ಮಾಡ್ದೆ, ಸರಿ ಅಲ್ವಾ?" ಎಂದಳು. ಕಣ್ಣು ಮಾತ್ರ ಕಪ್ಪಾದ ಪರದೆಯ ಮೇಲೆಯೇ ಇತ್ತು.

ಸ್ಟೇಷನ್ನಿನ ಆ ಹೆಂಗಸು ಹೇಳಿದ್ದು ನೆನಪಾಯಿತು, ಕಳಿಸಿದವರಿಗೇ ಒಂದು ಫೋನ್ ಮಾಡಿ ಕೇಳಿ ಎಂದು. ಅಂಕಿಗಳನ್ನು ನೋಡಿಕೊಂಡು ನನ್ನ ಫೋನಿನಿಂದ ನಾನೇ ಮಾಡಿದೆ. ಆ ಕಡೆ ಎತ್ತಿದವರ ದನಿ ಅಜ್ಜಿಯದರ ಹಾಗೆಯೇ ಸ್ವಲ್ಪ ಮೂಗಿನಲ್ಲಿ ಇತ್ತು.

"ತಾತ, ನಾನು ಚೈತ್ರ. ಮುನಿತಾಯಮ್ಮನ ಮೊಮ್ಮಗಳು."

"ಅಕ್ಕ ಕಟ್ ಮಾಡಿದ್ಲಮ್ಮ," ಎಂದರು. "ಇನ್ನೂ ಕೋಪ ಇದೆ ಅಂತ ಸುಮ್ನಾದೆ. ನನ್ನ ಫೋನಿಂದ ಎಲ್ರಿಗೂ ಏನೋ ಮದುವೆ ಪತ್ರಿಕೆ ಹೋಗ್ಬಿಟ್ಟಿದೆ ಅಂತೆ, ಅದನ್ನ ತೆಗೀಬೇಡ ಅಂತ ಹೇಳೋಕೆ ಮಾಡ್ದೆ. ಬೇರೆಯವರಿಗೆ ನಮ್ಮ ಹುಡುಗರ ಕೈಲಿ ಹೇಳಿಸ್ದೆ. ಅಕ್ಕಂಗೆ ನಾನೇ ಹೇಳೋಣ ಅಂತ."

ನಾನು ಫೋನನ್ನು ಅಜ್ಜಿಯ ಕೈಗೆ ಕೊಟ್ಟೆ. ದನಿ ಹೊರಗೆ ಕೇಳುವಂತೆ ಇಟ್ಟಿದ್ದೆ. ಅಜ್ಜಿ ಅದನ್ನು ತಟ್ಟೆಯ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಯಾರು?" ಎಂದಳು ಗಟ್ಟಿಯಾಗಿ.

"ನಾನೇ ಅಕ್ಕ."

"ನಾನೇ ಅಂತ ಎಲ್ರೂ ಅಂತಾರೆ."

"ನಿನ್ನ ತಮ್ಮ ಕಣಕ್ಕ. ಹುಣಸೆಮರದಿಂದ ಬಿದ್ದು ಕಾಲು ಮುರ್ಕೊಂಡಾಗ ನೀನೇ ಹೊತ್ಕೊಂಡು ಹೋಗಿದ್ದಲ್ವಾ ನಾಟಿ ವೈದ್ಯರ ಮನೆಗೆ. ದಾರಿ ಉದ್ದಕ್ಕೂ ಬೈದೆ."

"ಏನಂತ ಬೈದೆ?"

"ಮೂಳ, ಮುದಿಗೂಬೆ, ನೀನು ಸತ್ರೆ ನಂಗೆ ಹಬ್ಬಕ್ಕೆ ಸೀರೆ ತರೋರು ಯಾರು ಅಂತ."

ಅಜ್ಜಿಯ ತುಟಿ ಅಲುಗಿತು. "ಹೂಂ. ನೀನೇ."

ಆ ಕಡೆ ಹೇರೋಹಳ್ಳಿಯ ರಸ್ತೆಯಲ್ಲಿ ಟಿಪ್ಪರ್ ಒಂದು ಹಳ್ಳಕ್ಕಿಳಿದು ಎದ್ದ ಸದ್ದು ಕೇಳಿತು. ವೆಂಕಟೇಶ್ ತಾತನೇ ಮೊದಲು ಮಾತಾಡಿದರು.

"ಅಕ್ಕ, ಆ ಪತ್ರಿಕೆ ತೆಗೀಬೇಡ. ಮೋಸದ್ದು."

"ತೆಗೆದಾಯ್ತಪ್ಪ. ಎಲ್ಲಾ ಹೋಯ್ತು. ಅದು ಹೋಗ್ಲಿ ಬಿಡು." ಅಜ್ಜಿ ಉಸಿರೆಳೆದುಕೊಂಡಳು. "ಧನ್ಯಂಗೆ ಎಲ್ಲಾದ್ರೂ ಗಂಡು ನೋಡ್ತಿದೀಯಾ?"

ನಾನು ಫೋನಿನತ್ತ ಕೈ ಚಾಚಿದೆ, ಏನು ಮಾಡಲೆಂದೋ ಗೊತ್ತಿಲ್ಲ. ಅಷ್ಟರಲ್ಲಿ ತಡವಾಗಿತ್ತು.

"ಆಗೋಯ್ತಕ್ಕ ಮದುವೆ," ಎಂದರು ತಾತ. ದನಿ ಕುಗ್ಗಿತ್ತು. "ವೈಶಾಖದಲ್ಲಿ. ನಿಮ್ಮ ಬೀದಿ ಮೂಲೆವರೆಗೂ ಬಂದಿದ್ದೆ, ಎಲೆ ಅಡಿಕೆ ಕೈಯಲ್ಲೇ ಇತ್ತು. ನೀನು ಮುಖ ತಿರುಗಿಸಿದ್ರೆ ಏನ್ ಮಾಡೋದು ಅಂತ ಅಲ್ಲೇ ಒಂದು ಟೀ ಕುಡಿದು ವಾಪಸ್ ಹೋದೆ. ಅದೇ ಕೊನೇ ಮದುವೆ ಅಕ್ಕ ನಮ್ಮನೇದು. ಇನ್ನು ಕರೆಯೋಕೆ ಯಾರದೂ ಇಲ್ಲ."

ಅಜ್ಜಿ ಅಳುತ್ತಾಳೆ ಅಂದುಕೊಂಡೆ, ಇಲ್ಲವೆ ಬೈಯುತ್ತಾಳೆ. ಎರಡೂ ಮಾಡಲಿಲ್ಲ. ಫೋನನ್ನು ಮಡಿಲಿಗೆ ಇಳಿಸಿಕೊಂಡು, ಚೆಲ್ಲಿದ್ದ ಅಲಸಂದೆಕಾಳುಗಳನ್ನು ಒಂದು ಕಡೆ ಸರಿಸಿ, ನೇರವಾಗಿ ಕೂತಳು.

"ಚಪ್ಪರಕ್ಕೆ ಯಾವ ಸೊಪ್ಪು ಹಾಕಿದ್ರಿ?"

ತಾತನಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. "ಛತ್ರದಲ್ಲಿ ಮಾಡಿದ್ವಿ ಅಕ್ಕ. ಆದ್ರೂ ಮನೆ ಮುಂದೆ ಅತ್ತಿ, ಮಾವು, ನೇರಳೆ ಎಲ್ಲಾ ಹಾಕ್ಸಿದ್ದೆ."

"ಅರಿಶಿನ ಯಾರು ಹಚ್ಚಿದ್ರು ಮೊದ್ಲು?"

"ಅವಳ ಅಮ್ಮ."

"ಕಳಸ?"

"ಚಿಕ್ಕಲಕ್ಷ್ಮಮ್ಮ ಅಂತ, ಅವಳ ಅಮ್ಮನ ಕಡೆಯೋರು."

"ಹುಡುಗ ಎತ್ತರನಾ?"

"ಧನ್ಯಂಗಿಂತ ಸ್ವಲ್ಪ. ಒಳ್ಳೆಯವನು ಅಕ್ಕ. ಕೆಂಗೇರಿ ಹತ್ರ ಸ್ವಂತ ಮನೆ."

"ಧಾರೆಗೆ ಯಾವ ಬಣ್ಣ ಉಟ್ಟಿದ್ಲು?"

"ಅರಿಶಿನ ಬಣ್ಣ, ಕೆಂಪು ಅಂಚು. ನಿನ್ನ ಮದುವೇಲಿ ಉಟ್ಟಿದ್ದೆಯಲ್ಲ, ಹಾಗೇ ಇರೋದೇ ಬೇಕು ಅಂತ ಅಂಗಡಿ ಅಂಗಡಿ ಸುತ್ತಿಸಿದ್ಲು."

ಅಜ್ಜಿ ಒಂದೊಂದನ್ನೇ ಕೇಳುತ್ತ ಹೋದಳು. ಬೀಗರ ಊಟ, ಒಬ್ಬಟ್ಟಿಗೆ ತೊಗರಿಬೇಳೆಯೋ ಕಡಲೆಬೇಳೆಯೋ, ಹಸೆಮಣೆ ಹಳೆಯದೇನಾ ಹೊಸದಾ, ಓಲಗದವರು ಎಲ್ಲಿಯವರು. ತಾತ ಮರೆತದ್ದನ್ನು ಹಿಂದೆ ಯಾರನ್ನೋ ಕೇಳಿ ಹೇಳಿದರು. ಅಪ್ಪ ಯಾವಾಗಲೋ ಬಂದು ಬಾಗಿಲಲ್ಲಿ ಚೀಲ ಹಿಡಿದೇ ನಿಂತಿದ್ದ. ಅವನು ಒಳಗೆ ಬರಲಿಲ್ಲ.

"ಹೆಣ್ಣೊಪ್ಪಿಸೋವಾಗ ಅತ್ಲಾ ಹುಡುಗಿ?"

"ಅತ್ಲು ಅಕ್ಕ. ತುಂಬಾ ಅತ್ಲು."

"ಯಾರನ್ನ ತಬ್ಕೊಂಡು ಅತ್ಲು?"

ಅಜ್ಜಿ ಫೋನಿನ ಮೇಲೆ ತಲೆ ಬಗ್ಗಿಸಿ ಕಾದಳು.